ಪೆಟ್ರೋಲ್ ವಾಸನೆ ಹಿಂದಿನ ಸೀಟಿನ ಕೆಳಗೆ ಸಿಕ್ಕಿತು

12 ಅಕ್ಟೋಬರ್ 2025, ಭಾನುವಾರ
ಚಿಕ್ಕಮಗಳೂರು

ಕೊನೆಗೂ ಜಾಗ ಗೊತ್ತಾಯಿತು. ಕಾರಿನೊಳಗೆ ಪೆಟ್ರೋಲ್ ವಾಸನೆ ಬರುತ್ತಿದ್ದುದು ಟ್ಯಾಂಕಿನೊಳಗೆ ಕೂತಿರುವ ಫ್ಯುಯೆಲ್ ಪಂಪಿನ ಮುಚ್ಚಳದ ಸುತ್ತ, ಸೋರದಂತೆ ತಡೆಯಲು ಇರುವ ರಬ್ಬರ್ ಗ್ಯಾಸ್ಕೆಟ್ಟಿನಿಂದ. ಇವತ್ತು ಅದನ್ನು ಬದಲಾಯಿಸಿದ್ದಾಯಿತು.

ಇಷ್ಟು ದಿನ ನೋಡಿದವರೆಲ್ಲ ಬಾನೆಟ್ ಎತ್ತಿಯೇ ನೋಡಿದ್ದು. ಸರ್ವೀಸ್ ಸೆಂಟರಿನವರು ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನ್ ಮಾಡಿ ಬಿಲ್ ಕೊಟ್ಟರು. ಪಕ್ಕದ ಮನೆಯವರು ಇಲಿ ಪೈಪ್ ಕಡಿದಿರಬೇಕು ಅಂದರು. ಅದು ತಳ್ಳಿಹಾಕುವ ಮಾತಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಪಕ್ಕ ಇಲಿ ಸೇರಿಕೊಳ್ಳುವುದು ನಮ್ಮ ಕಡೆ ಮಾಮೂಲು. ಟಾರ್ಚ್ ಹಿಡಿದು ಪೈಪಿನ ಉದ್ದಕ್ಕೂ ನೋಡಿದೆ. ಹಲ್ಲಿನ ಗುರುತೂ ಇಲ್ಲ, ಒದ್ದೆಯೂ ಇಲ್ಲ.

ಸುಳಿವು ಕೊಟ್ಟಿದ್ದು ಅಮ್ಮ. ಅವರು ಯಾವಾಗಲೂ ಹಿಂದೆಯೇ ಕೂರುವುದು. "ಟ್ಯಾಂಕ್ ತುಂಬಿಸಿದಾಗ್ಲೇ ಕಣೋ ನಂಗೆ ತಲೆನೋವು ಬರೋದು. ಆಮೇಲಾಮೇಲೆ ಕಮ್ಮಿ ಆಗತ್ತೆ" ಅಂದರು. ಯಾವ ಮೆಕ್ಯಾನಿಕ್ಕೂ ಇದನ್ನು ಕೇಳಿರಲಿಲ್ಲ. ವಾಸನೆ ಬರುತ್ತೆ ಅಂದರೆ ಎಲ್ಲಿ ಅಂತ ಹುಡುಕುತ್ತಾರೆ, ಯಾವಾಗ ಅಂತ ಕೇಳುವುದಿಲ್ಲ. ಅರ್ಧ ಉತ್ತರ ಇರುವುದೇ ಆ ಪ್ರಶ್ನೆಯಲ್ಲಿ.

ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಮಾತ್ರ ಮುಂದಿನಿಂದ ಬಂದರೆ ಇಂಜೆಕ್ಟರಿನ ಓ-ರಿಂಗ್, ಅಂದರೆ ಅದರ ಸುತ್ತಲಿನ ರಬ್ಬರ್ ಬಳೆ ನೋಡಬೇಕು. ಚಳಿಗೆ ರಬ್ಬರ್ ಕುಗ್ಗಿರುತ್ತದೆ, ಇಂಜಿನ್ ಬಿಸಿಯಾದ ಮೇಲೆ ಹಿಗ್ಗಿ ಸರಿಹೋಗುತ್ತದೆ. ಬ್ಲೋವರ್ ಹಾಕಿದಾಗ ಜೋರಾಗಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿದ ಮೇಲೆ ಕಮ್ಮಿಯಾದರೆ ಅದು ಬಾನೆಟ್ ಕಡೆಯದು. ಪಂಪಿನಿಂದ ಇಂಜಿನ್ನಿಗೆ ಹೋಗುವ ಲೈನಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಅಲ್ಲಿ ಸೋರಿದರೆ ಟ್ಯಾಂಕಿನಲ್ಲಿ ಎಷ್ಟಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ನಮ್ಮದು ಫುಲ್ ಟ್ಯಾಂಕಿನಲ್ಲಿ ಮಾತ್ರ, ಅದೂ ಕೈಮರದ ಏರು ಹತ್ತುವಾಗ ಜಾಸ್ತಿ. ಅಂದರೆ ಸೋರುವ ಜಾಗ ಟ್ಯಾಂಕಿನ ತಲೆಯ ಮೇಲೇ ಇದೆ. ಪೆಟ್ರೋಲ್ ವಾಲಿದಾಗ ಅಲ್ಲಿಗೆ ತಾಗುತ್ತದೆ.

ಆಯುಧ ಪೂಜೆಯಲ್ಲಿ ಇದೇ ಕಾರಿಗೆ ಚೆಂಡು ಹೂವಿನ ಹಾರ ಹಾಕಿ, ಮುಂದೆ ನಿಂತು ಕರ್ಪೂರ ಹಚ್ಚಿದ್ದೆವು. ಆಗ ಟ್ಯಾಂಕಿನಲ್ಲಿ ಕಾಲು ಭಾಗವೂ ಪೆಟ್ರೋಲ್ ಇರಲಿಲ್ಲ. ಪುಣ್ಯ.

ಗ್ಯಾರೇಜಿನ ಅಣ್ಣ ಬೆಳಿಗ್ಗೆ ಮನೆಗೇ ಬಂದರು. ಬಂದವರೇ ಕೇಳಿದ್ದು, "ಹೊಸ ಗ್ಯಾಸ್ಕೆಟ್ ತಂದಿದ್ದೀರಾ ಸಾರ್? ಇಲ್ಲಾಂದ್ರೆ ಬಿಚ್ಚೋದೇ ಬೇಡ." ಯಾಕೆ ಅಂತ ಆಮೇಲೆ ಗೊತ್ತಾಯಿತು. ಪೆಟ್ರೋಲ್ ಕುಡಿದ ಹಳೇ ಗ್ಯಾಸ್ಕೆಟ್ ಒಮ್ಮೆ ಹೊರಗೆ ಬಂದರೆ ತಾನಿದ್ದ ಸಂದಿನಲ್ಲಿ ಮತ್ತೆ ಕೂರುವುದಿಲ್ಲ, ಅಷ್ಟು ಊದಿಕೊಂಡಿರುತ್ತದೆ. ಅದನ್ನೇ ಒತ್ತಿ ತುರುಕಿದರೆ ಒಂದು ಕಡೆ ಎದ್ದು ನಿಲ್ಲುತ್ತದೆ.

ಕಾರನ್ನು ಬಯಲಿಗೆ ತಳ್ಳಿ, ಬಾಗಿಲೆಲ್ಲ ತೆಗೆದಿಟ್ಟೆವು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡು ನಿಲ್ಲುತ್ತದೆ. ನಮ್ಮ ಊರಿನ ಚಳಿಯೇನು, ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಅದು ಕಿಡಿ ಸೋಕಿದರೆ ಹತ್ತಿಕೊಳ್ಳುತ್ತದೆ. ಪಂಪಿನ ಫ್ಯೂಸ್ ತೆಗೆದು, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿದರು. ಲೈನಿನ ಒತ್ತಡ ಇಳಿಯಿತು. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿದರು.

ಸೀಟು ಎತ್ತಿ ತಗಡಿನ ಮುಚ್ಚಳ ತೆಗೆದರೆ ಕೆಳಗೆ ಕೆಂಪು ಧೂಳು. ಮಧ್ಯದಲ್ಲಿ ಪಂಪಿನ ತಲೆ. ಅದರ ಸುತ್ತ ಒಂದೇ ಬದಿಯಲ್ಲಿ ಧೂಳು ಒದ್ದೆಯಾಗಿ ಕಪ್ಪಗೆ ಅಂಟಿಕೊಂಡಿತ್ತು. ಇನ್ನು ಮೂಸಿ ನೋಡುವ ಅಗತ್ಯವೇ ಇರಲಿಲ್ಲ. ಮೊದಲು ಆ ಧೂಳನ್ನೆಲ್ಲ ಬ್ರಷ್‌ನಲ್ಲಿ ಗುಡಿಸಿದರು, ಇಲ್ಲದಿದ್ದರೆ ಅಷ್ಟೂ ಟ್ಯಾಂಕಿಗೆ ಬೀಳುತ್ತದೆ. ಪಂಪನ್ನು ಹಿಡಿದಿಡುವ ರಿಂಗ್ ತಿರುಗಿಸಲು ಕಬ್ಬಿಣದ ಸ್ಕ್ರೂಡ್ರೈವರ್ ಇಟ್ಟು ಹೊಡೆಯದೆ, ಮರದ ತುಂಡು ಕೊಟ್ಟು ತಟ್ಟಿದರು. ಕಿಡಿ ಹಾರಬಾರದಲ್ವಾ. ನಾನು ಸುಮ್ನೆ ಕೇಳಿದೆ, ಸಿಲಿಕೋನ್ ಹಚ್ಚಬಾರದಾ ಅಂತ. ಮಾಮೂಲಿ ಸಿಲಿಕೋನ್ ಪೆಟ್ರೋಲಿಗೆ ತಡೆಯುವುದಿಲ್ಲ, ಮೆತ್ತಗಾಗಿ ಕಿತ್ತು ಫಿಲ್ಟರಿಗೆ ಹೋಗುತ್ತದಂತೆ. ಹೊಸ ಗ್ಯಾಸ್ಕೆಟ್ ಒಣಗಿದ್ದ ಹಾಗೇ ಕೂರಿಸಿದರು.

ಇದಕ್ಕೆಲ್ಲ ಎಥನಾಲೇ ಕಾರಣ ಅನ್ನುವುದು ಈಗ ಎಲ್ಲರ ಬಾಯಲ್ಲಿದೆ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಹಳೇ ಗಾಡಿಗಳ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದು ಅಂತ ಪೆಟ್ರೋಲಿಯಂ ಸಚಿವಾಲಯವೇ ಈ ವರ್ಷ ಆಗಸ್ಟ್‌ನಲ್ಲಿ ಹೇಳಿತು. ಆದರೂ ನನ್ನ ಕಾರು 2012ರದು. ಅಷ್ಟು ವಯಸ್ಸಾದ ರಬ್ಬರ್ ಯಾವ ಪೆಟ್ರೋಲಿನಲ್ಲೂ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಎಥನಾಲ್ ಸ್ವಲ್ಪ ಬೇಗ ಮಾಡಿರಬಹುದು, ಅಷ್ಟೇ. ಹಳೇ ಲೈನಿನ ರಬ್ಬರ್ ಪೈಪುಗಳನ್ನೂ ಮುಂದಿನ ಸರ್ವೀಸಿನಲ್ಲಿ ಬದಲಾಯಿಸಲು ಹೇಳಿದ್ದೇನೆ. ಇಂಜೆಕ್ಷನ್ ಗಾಡಿಯ ಒತ್ತಡ ತಡೆಯುವ ಪೈಪೇ ಬೇಕು, ಕಾರ್ಬ್ಯುರೇಟರ್ ಕಾಲದ್ದು ಬೇಡ.

ಎಲ್ಲ ಜೋಡಿಸಿ, ಸ್ಟಾರ್ಟ್ ಮಾಡದೆ ಕೀ ನಾಲ್ಕೈದು ಸಲ ಆನ್ ಮಾಡಿ ಒತ್ತಡ ಬರಿಸಿ ನೋಡಿದೆವು. ಒಣಗಿತ್ತು. ನಿಜವಾದ ಪರೀಕ್ಷೆ ಬಂಕಿನಲ್ಲಿ. ಟ್ಯಾಂಕ್ ತುಂಬಿ ನಾಜಲ್ ಟಕ್ ಅಂದ ಕೂಡಲೇ "ರೌಂಡ್ ಫಿಗರ್ ಮಾಡ್ಲಾ ಸಾರ್?" ಅಂತ ಹುಡುಗ ಕೇಳಿದ. ಬೇಡ ಅಂದೆ. ಆಮೇಲೆ ತುಂಬಿಸುವುದು ಆವಿ ಹೀರುವ ಇದ್ದಿಲಿನ ಡಬ್ಬಿಗೆ ಹೋಗಿ ಅದನ್ನೂ ಹಾಳು ಮಾಡುತ್ತದೆ, ಮತ್ತೊಂದು ವಾಸನೆ ಶುರುವಾಗುತ್ತದೆ.

ಕೈಮರದವರೆಗೆ ಹತ್ತಿಸಿ ಇಳಿಸಿಕೊಂಡು ಬಂದೆ. ಮುಚ್ಚಳ ತೆಗೆದು ನೋಡಿದರೆ ಪಂಪಿನ ಸುತ್ತ ಟಿಶ್ಯೂ ಒತ್ತಿದರೂ ಕಲೆ ಇಲ್ಲ. ಒಳಗೆ ಇನ್ನೂ ಸಣ್ಣಗೆ ವಾಸನೆ ಇದೆ, ಅದು ಸೀಟಿನ ಸ್ಪಾಂಜು ಹೀರಿಕೊಂಡಿದ್ದು. ನಾಳೆ ಅದನ್ನು ಬಿಸಿಲಿಗೆ ಹಾಕಬೇಕು. ಗುರುವಾರ ಅಮ್ಮನನ್ನು ಹಾಸನಕ್ಕೆ ಕರೆದುಕೊಂಡು ಹೋಗುವುದಿದೆ.