ಗಾಂಜಾ ರೊಕ್ಕ ಉಗ್ರರಿಗೆ ಹೋಗುತ್ತಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ರಾಯಚೂರಿನಲ್ಲಿ ನಾನು ಗಾಂಜಾ ಕೇಸು ನಡೆಸುತ್ತೇನೆ ಎಂದು ಗೊತ್ತಾದ ಮೇಲೆ ಚಹಾ ಅಂಗಡಿ, ಮದುವೆ ಮನೆ, ಬಸ್ಸು, ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ. ‘ಏನ್ರೀ ವಕೀಲ್ರೇ, ಈ ಗಾಂಜಾದ ರೊಕ್ಕ ಟೆರರಿಸ್ಟ್‌ಗಳಿಗೆ ಹೋಗ್ತದಂತಲ್ರೀ, ಖರೇನಾ?’ ಹಿಂದಿನ ರಾತ್ರಿ ಟಿವಿಯಲ್ಲಿ ಅದೇ ಚರ್ಚೆ ಆಗಿದ್ದರಂತೂ ನನ್ನ ಚಹಾ ತಣ್ಣಗಾಗುವುದು ಗ್ಯಾರಂಟಿ.

ಉತ್ತರ ಇಷ್ಟೇ. ಕೆಲವು ಸಲ ಹೋಗುತ್ತೆ. ಆದರೆ ನೀವು ಅಂದುಕೊಂಡ ದಾರಿಯಲ್ಲಿ ಅಲ್ಲ.

ಉಗ್ರರೇ ಬೆಳೆದು, ಅವರೇ ಪ್ಯಾಕ್ ಮಾಡಿ ಮಾರುತ್ತಾರೆ ಅಂತ ಜನರ ಕಲ್ಪನೆ. ನಮ್ಮ ಎಪಿಎಂಸಿಯ ಅಡತಿ ಅಂಗಡಿ ನೆನಪು ಮಾಡಿಕೊಳ್ಳಿ. ಅಡತಿಯವನು ಹತ್ತಿ ಬಿತ್ತುವುದಿಲ್ಲ, ಬಟ್ಟೆ ನೇಯುವುದೂ ಇಲ್ಲ, ಮಾಲು ತನ್ನ ಕಟ್ಟೆ ದಾಟುವಾಗ ಕಮಿಷನ್ ಮುರಿದುಕೊಳ್ಳುತ್ತಾನೆ (ಬೇಜಾರಾಗಬೇಡಿ, ನಮ್ಮ ಮಾವನದೂ ಅಡತಿ ಅಂಗಡಿಯೇ). ಅಫ್ಘಾನಿಸ್ತಾನದಲ್ಲಿ ಮತ್ತೆ ಅಧಿಕಾರಕ್ಕೆ ಬರುವ ಮೊದಲು ತಾಲಿಬಾನ್ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ. ಅಫೀಮು ಬೆಳೆದ ರೈತನಿಂದ ‘ಉಶ್ರ್’ ಎಂಬ ಹೆಸರಲ್ಲಿ ಹತ್ತರಲ್ಲೊಂದು ಪಾಲು, ಅದನ್ನು ಹೆರಾಯಿನ್ ಮಾಡುವವನಿಂದ ಇನ್ನಷ್ಟು, ಸಾಗಿಸುವವನಿಂದ ಮತ್ತಷ್ಟು. ಕೊಲಂಬಿಯಾದ ಫಾರ್ಕ್ ಬಂಡುಕೋರರೂ ಕೊಕೇನ್ ಮಾಡುವ ಕೋಕಾ ಎಲೆಯ ಮೇಲೆ ಹೀಗೇ ತೆರಿಗೆ ಹಾಕಿದರು. ತಮಾಷೆ ನೋಡಿ, ಅದೇ ತಾಲಿಬಾನ್ ಗದ್ದುಗೆ ಏರಿದ ಮೇಲೆ 2022ರ ಏಪ್ರಿಲ್‌ನಲ್ಲಿ ಅಫೀಮು ನಿಷೇಧಿಸಿತು, ಮರುವರ್ಷ ಬೆಳೆ ಶೇ 95ರಷ್ಟು ಇಳಿಯಿತು ಅಂತ ವಿಶ್ವಸಂಸ್ಥೆಯ ಸರ್ವೆ ಹೇಳಿತು. ದೇಶದ ಸುಂಕದ ಕಟ್ಟೆಗಳೇ ಕೈಗೆ ಬಂದ ಮೇಲೆ ರೈತನ ಹತ್ತನೇ ಪಾಲು ಯಾರಿಗೆ ಬೇಕು ಅನ್ನೋದು ನನ್ನ ಲೆಕ್ಕ.

ಇನ್ನೊಂದು ದಾರಿ ಅದಲುಬದಲು. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ಲೋಕಲ್ ರೈಲುಗಳಲ್ಲಿ ಬಾಂಬು ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಆ ಸ್ಫೋಟಕ ಬಂದದ್ದು ಉತ್ತರ ಸ್ಪೇನಿನ ಒಂದು ಗಣಿಯಿಂದ. ಗಣಿಯಲ್ಲಿ ಹಿಂದೆ ಕೆಲಸ ಮಾಡಿದ್ದವನೊಬ್ಬ ಕದ್ದ ಡೈನಮೈಟ್ ಕೊಟ್ಟ, ಪ್ರತಿಯಾಗಿ ಹಶೀಶ್ (ನಮ್ಮ ಚರಸ್) ತಗೊಂಡ. ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯವರಿಗೆ ಡೈನಮೈಟ್ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಬ್ಯಾಂಕೂ ಬೇಕಾಗಲಿಲ್ಲ, ಹವಾಲಾನೂ ಬೇಕಾಗಲಿಲ್ಲ.

ನಮ್ಮ ಕಡೆಯ ದೊಡ್ಡ ಕೇಸು ಮುಂದ್ರಾ. 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಆ ಬಂದರಿನಲ್ಲಿ ಎರಡು ಕಂಟೇನರ್ ತೆಗೆದು ನೋಡಿದರೆ ಸುಮಾರು 3,000 ಕಿಲೋ ಹೆರಾಯಿನ್. ಕಾಗದದಲ್ಲಿ ಬರೆದಿದ್ದು ಟಾಲ್ಕ್ ಕಲ್ಲು, ಅಂದರೆ ಮುಖಕ್ಕೆ ಹಚ್ಚುವ ಪೌಡರಿನ ಕಲ್ಲು. ಅಫ್ಘಾನಿಸ್ತಾನದ ಮಾಲು, ಇರಾನಿನ ಬಂದರಿಂದ ಹಡಗು, ತರಿಸಿಕೊಂಡ ಕಂಪನಿಯ ವಿಳಾಸ ವಿಜಯವಾಡ. ಕೇಸು ಉಗ್ರರ ಪ್ರಕರಣ ನೋಡುವ ಕೇಂದ್ರದ ತನಿಖಾ ಸಂಸ್ಥೆ ಎನ್‌ಐಎಗೆ ಹೋಯಿತು, ಈ ದುಡ್ಡು ಪಾಕಿಸ್ತಾನದ ಉಗ್ರ ಸಂಘಟನೆ ಲಷ್ಕರ್‌ಗೆ ಹೋಗುತ್ತಿತ್ತು ಅನ್ನೋದು ಅವರ ಆರೋಪ. ಆರೋಪ ಅಂತ ಬೇಕೆಂದೇ ಬರೆದೆ. ವಕೀಲನ ಚಟ.

ಮಾಲು ಯಾವಾಗಲೂ ಹೊರಗಿಂದಲೇ ಬರುತ್ತೆ ಅಂತಲೂ ಇಲ್ಲ. 2017ರಲ್ಲಿ ಇಟಲಿಯ ಬಂದರೊಂದರಲ್ಲಿ 2 ಕೋಟಿ 40 ಲಕ್ಷ ಟ್ರಮಡಾಲ್ ಮಾತ್ರೆ ಸಿಕ್ಕವು. ನೋವಿನ ಮಾತ್ರೆ. ಹೊರಟಿದ್ದು ಭಾರತದಿಂದ, ಹೋಗಬೇಕಿದ್ದದ್ದು ಲಿಬಿಯಾಕ್ಕೆ. ಐಸಿಸ್ ಇದನ್ನು ಮಾರಿ ದುಡ್ಡು ಮಾಡುತ್ತೆ ಅಂದರು ಇಟಲಿ ಪೊಲೀಸರು. ಮರುವರ್ಷ ನಮ್ಮಲ್ಲಿ ಟ್ರಮಡಾಲ್ ಎನ್‌ಡಿಪಿಎಸ್ ಕಾಯ್ದೆಯೊಳಗೆ, ಅಂದರೆ ಮಾದಕ ವಸ್ತು ತಡೆ ಕಾಯ್ದೆಯೊಳಗೆ ಬಂತು.

ಹಾಗಂತ ಎಲ್ಲ ಬಾಂಬಿನ ಹಿಂದೆಯೂ ಡ್ರಗ್ಸ್ ಇರುತ್ತಾ? ಇಲ್ಲ. ಅಮೆರಿಕದ ಅವಳಿ ಕಟ್ಟಡಗಳ ದಾಳಿಗೆ ತಗುಲಿದ್ದು 4ರಿಂದ 5 ಲಕ್ಷ ಡಾಲರ್. ಬಿನ್ ಲಾಡೆನ್ ಡ್ರಗ್ಸ್‌ನಲ್ಲಿ ದುಡ್ಡು ಮಾಡಿದ ಎನ್ನಲು ನಂಬುವಂಥ ಪುರಾವೆ ಇಲ್ಲ ಅಂತ ಆ ದಾಳಿಯ ತನಿಖಾ ಆಯೋಗವೇ ಬರೆದಿದೆ. ಅವನಿಗೆ ಬಂದದ್ದು ಹೆಚ್ಚಾಗಿ ಚಂದಾ ದುಡ್ಡು.

ಇನ್ನು ನಮ್ಮೂರಿನ ಗಾಂಜಾ. ಜಾಸ್ತಿ ಬರೋದು ಆಂಧ್ರ–ಒಡಿಶಾ ಗಡಿಯ ಗುಡ್ಡಗಳಿಂದ, ಸ್ವಲ್ಪ ಇಲ್ಲೇ ಹತ್ತಿ, ತೊಗರಿ ಸಾಲಿನ ನಡುವೆ ಬೆಳೆದದ್ದು. ಆ ಗುಡ್ಡದ ಕಡೆ ಮಾವೋವಾದಿಗಳೂ ಪಾಲು ಎತ್ತುತ್ತಾರೆ ಅಂತ ಪೊಲೀಸರು ಹೇಳುತ್ತಲೇ ಬಂದಿದ್ದಾರೆ. ಇರಬಹುದು. ಆದರೆ ಅದನ್ನು ಸಾಬೀತು ಮಾಡಬೇಕಾದರೆ ದುಡ್ಡಿನ ಹಿಂದೆ ಹೋಗಬೇಕಲ್ವಾ? ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅದಕ್ಕೆಂದೇ 27ಎ ಕಲಂ ಇದೆ, ಈ ದಂಧೆಗೆ ದುಡ್ಡು ಹಾಕಿದವನಿಗೆ 10ರಿಂದ 20 ವರ್ಷ. ನನ್ನ ಕೈಗೆ ಬಂದ ಚಾರ್ಜ್‌ಶೀಟುಗಳಲ್ಲಿ ಆ ಕಲಂ ಕಂಡಿದ್ದು ಅಪರೂಪ. (ನಮ್ಮ ಜಿಲ್ಲೆಯ ಹಳೇ ಪಿಡುಗು ಸಿಎಚ್ ಪೌಡರ್ ಎಂಬ ಮತ್ತಿನ ರಾಸಾಯನಿಕ ಬೆರೆಸಿದ ಸೇಂದಿ. ಅದರ ರೊಕ್ಕ ಎಲ್ಲಿಗೆ ಹೋಗುತ್ತೆ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.)

ಒಂದು ಕೇಸು ಹೇಳುತ್ತೇನೆ, ಯಾವ ಠಾಣೆ ಅಂತ ಕೇಳಬೇಡಿ. ಇಪ್ಪತ್ತರ ಆಸುಪಾಸಿನ ಹುಡುಗ, ರೈಲಿನಲ್ಲಿ ಒಂದು ಬ್ಯಾಗು. ಮ್ಯಾಜಿಸ್ಟ್ರೇಟರ ಎದುರು ಸ್ಯಾಂಪಲ್ ತೆಗೆಯುವಾಗ ನಾನಿದ್ದೆ. ಕಂದು ಟೇಪು ಸುತ್ತಿದ ಇಟ್ಟಿಗೆಯಂಥ ಪೊಟ್ಟಣಗಳು. ಮೊದಲನೆಯದನ್ನು ಕೊಯ್ದಿದ್ದೇ ತಡ, ಹಸಿ ಮೇವು ಕೊಳೆತಂಥ ವಾಸನೆ ಕೋಣೆಯೆಲ್ಲ ತುಂಬಿತು, ಗುಮಾಸ್ತರು ಎದ್ದು ಕಿಟಕಿ ತೆಗೆದರು. ತೂಕ 22 ಕಿಲೋ. ಇಪ್ಪತ್ತು ದಾಟಿದರೆ ವಾಣಿಜ್ಯ ಪ್ರಮಾಣ, ಸಾಬೀತಾದರೆ ಕಮ್ಮಿ ಅಂದರೂ ಹತ್ತು ವರ್ಷ, ಜಾಮೀನು ಸಿಗೋದೇ ಕಷ್ಟ. ಎರಡು ಕಿಲೋದಲ್ಲಿ ಅವನ ಹಣೆಬರಹ ಬದಲಾಯಿತು. ಮೇಣದಬತ್ತಿಗೆ ಅರಗು ಹಿಡಿದು ಸೀಲು ಒತ್ತಿದರು, ಎಲ್ಲರೂ ಸಹಿ ಮಾಡಿದರು, ಮುಗೀತು.

ಹುಡುಗನ ಹತ್ತಿರ ಒಂದು ಬಟನ್ ಫೋನು ಸಿಕ್ಕಿತ್ತು. ಅದರಲ್ಲಿ ಒಂದೇ ನಂಬರು, ‘ಅಣ್ಣ’ ಅಂತ ಸೇವ್ ಆಗಿತ್ತು. ಬ್ಯಾಗು ಕೊಟ್ಟವನೂ ಅವನೇ, ಟಿಕೆಟ್ಟಿಗೆ ರೊಕ್ಕ ಕೊಟ್ಟವನೂ ಅವನೇ. ಆ ನಂಬರು ಯಾರದು ಅಂತ ಚಾರ್ಜ್‌ಶೀಟಿನಲ್ಲಿ ಹುಡುಕಿದೆ. 84 ಪುಟ. ಎಲ್ಲೂ ಇರಲಿಲ್ಲ.