ಬಿಚ್ಚಬ್ಯಾಡಿ ಮೇಡಂ, ವಿಷ ತಲೆಗೇರುತ್ತೆ

ರಾಗಿ ಕೊಯ್ಲಿನ ಹೊಲದಲ್ಲಿ ಕೊಳಕು ಮಂಡಲ ಕಚ್ಚಿದ್ದು ಆ ಹೆಂಗಸಿನ ಬಲಗಾಲಿನ ಹಿಮ್ಮಡಿಯ ಪಕ್ಕಕ್ಕೆ. ಆಂಬುಲೆನ್ಸ್ ಬರುವಷ್ಟರಲ್ಲಿ ಮೈದುನ ದನದ ಕಣ್ಣಿ ತಂದು ಮೊಣಕಾಲಿನ ಕೆಳಗೆ ಬಿಗಿದುಬಿಟ್ಟಿದ್ದ. ಹಗ್ಗ ಚರ್ಮದೊಳಗೆ ಹೂತುಹೋಗಿತ್ತು. ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ ಹುಡುಗಿ ಕಾಲಿನ ಬಳಿ ಕೂರುತ್ತಲೇ ಅವನು ಕೈ ಅಡ್ಡ ಹಿಡಿದ.

"ಬಿಚ್ಚಬ್ಯಾಡಿ ಮೇಡಂ, ವಿಷ ತಲೆಗೇರುತ್ತೆ."

"ಬಿಚ್ಚಲ್ಲ ಅಣ್ಣ. ಕಟ್ಟಿದ್ದು ಎಷ್ಟೊತ್ತಿಗೆ, ಅದನ್ನ ಹೇಳಿ."

ಮೂರು ದಿನವಾದರೂ ಈ ಎರಡು ಮಾತು ಕಿವಿಯಲ್ಲೇ ಇವೆ. ಹಾವು ಕಚ್ಚಿದರೆ ಕಟ್ಟಬಾರದು ಎಂದು ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ಆದರೆ ಹೊಲಕ್ಕೆ ಹೋದಾಗ ಸಿಗುವುದು ಆಗಲೇ ಕಟ್ಟಿದ ಕಾಲು. ಅಲ್ಲಿ ಪಾಠ ಒಪ್ಪಿಸುತ್ತಾ ಹಗ್ಗ ಕತ್ತರಿಸುವವರೂ ಇದ್ದಾರೆ, ಅದು ಕಟ್ಟಿದ್ದಕ್ಕಿಂತ ದೊಡ್ಡ ತಪ್ಪು. ಕೆಳಗೆ ನಿಂತಿದ್ದ ವಿಷವೆಲ್ಲ ಒಮ್ಮೆಲೇ ರಕ್ತಕ್ಕೆ ಸೇರಿ ಬಿಪಿ ಕುಸಿಯಬಹುದು; ನಾಗರವೋ ಕಟ್ಟು ಹಾವೋ ಆಗಿದ್ದರೆ ಉಸಿರೇ ನಿಲ್ಲಬಹುದು. ಹಾಗಂತ ಗಂಟೆಗಟ್ಟಲೆ ಬಿಡುವಂತೆಯೂ ಇಲ್ಲ. ಮಂಡಲದ ವಿಷ ಕಚ್ಚಿದ ಕಡೆಯ ಮಾಂಸವನ್ನೇ ಕೊಳೆಸುತ್ತದೆ, ಹಗ್ಗ ಅದನ್ನು ಅಲ್ಲೇ ಕೂಡಿಹಾಕಿ ರಕ್ತವನ್ನೂ ತಡೆಯುತ್ತದೆ.

ಆಕೆ ಪಾದದ ಮೇಲೆ ನಾಡಿ ಮುಟ್ಟಿ ನೋಡಿದಳು, ಸಿಗಲಿಲ್ಲ. ಕಾಲುಂಗುರ, ಗೆಜ್ಜೆ ತೆಗೆದಳು, ಬಾವು ಏರಿದ ಮೇಲೆ ಅವು ಬರುವುದಿಲ್ಲ. ಬಾವಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದಳು. ಒಸಡಿನಲ್ಲಿ ರಕ್ತ ಇದೆಯೇ, ರೆಪ್ಪೆ ಜೋತುಬೀಳುತ್ತಿದೆಯೇ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ, ಇಷ್ಟನ್ನೂ ನೋಡಿಕೊಂಡಳು. ಡ್ರಿಪ್ ಸೂಜಿ ಕೈಗೆ ಹಾಕಿದಳು. ಸ್ನಾಯುವಿಗೆ ನೋವಿನ ಇಂಜೆಕ್ಷನ್ ಕೊಡಲಿಲ್ಲ, ಮಂಡಲದ ವಿಷದಿಂದ ಹೆಪ್ಪುಗಟ್ಟದ ರಕ್ತ ಚುಚ್ಚಿದಲ್ಲೇ ಒಳಗೊಳಗೆ ಸೋರುತ್ತದೆ. ಒಂದು ಹೆಜ್ಜೆಯೂ ನಡೆಸದೆ ಸ್ಟ್ರೆಚರ್ ಮೇಲೆ ಎಡಮಗ್ಗುಲಿಗೆ ಮಲಗಿಸಿದರು, ವಾಂತಿ ಶ್ವಾಸನಾಳಕ್ಕೆ ಹೋಗದಿರಲಿ ಎಂದು. ಹೊರಡುವಾಗಲೇ ಆಸ್ಪತ್ರೆಗೆ ಫೋನ್: "ಮಂಡಲ, ಕಾಲು ಕಟ್ಟಿದ್ದಾರೆ, ಪಾದದಲ್ಲಿ ನಾಡಿ ಇಲ್ಲ, ಕಟ್ಟಿ ಐವತ್ತು ನಿಮಿಷ. ಎಎಸ್‌ವಿ ರೆಡಿ ಇಡಿ." ಎಎಸ್‌ವಿ ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು. ಆ ಐವತ್ತು ನಿಮಿಷ ಮೈದುನನ ಬಾಯಿಂದ ಬಂದದ್ದು. ಅವನನ್ನು ಗದರಿದ್ದರೆ ಬರುತ್ತಿತ್ತೇ?

ಅವನನ್ನು ದೂರಲು ನನಗೆ ಮನಸ್ಸಿಲ್ಲ. ಅಷ್ಟು ಜನರಲ್ಲಿ ಏನಾದರೂ ಮಾಡಲು ಮುಂದಾದವನು ಅವನೊಬ್ಬನೇ. ಹಾವನ್ನು ಕೊಂದು ಚೀಲದಲ್ಲಿ ಹಿಡಿದು ಬಂದವರ ಮೇಲೆ ಮಾತ್ರ ಸಿಟ್ಟಿದೆ. ನಮ್ಮಲ್ಲಿ ಸಿಗುವ ಎಎಸ್‌ವಿ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ, ಹಾವನ್ನು ತಂದು ತೋರಿಸಬೇಕಿಲ್ಲ. ಸತ್ತ ಹಾವಿನ ತಲೆಯೂ ಕಚ್ಚಬಲ್ಲದು.

ಆಸ್ಪತ್ರೆಯಲ್ಲಿ 2 ಎಂಎಲ್ ರಕ್ತವನ್ನು ಒಣ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟರು. ವಾಲಿಸಿದಾಗ ನೀರಿನ ಹಾಗೆ ಹರಿಯಿತು. 10 ವೈಲ್ (ಸಣ್ಣ ಬಾಟಲಿ) ಎಎಸ್‌ವಿ ಶುರುವಾಯಿತು, ಅದಕ್ಕೆ ಅಲರ್ಜಿಯಾದರೆ ಕೊಡಲು ಪಕ್ಕದಲ್ಲಿ ಅಡ್ರಿನಲಿನ್ ಸಿರಿಂಜ್ ತುಂಬಿಟ್ಟಿದ್ದರು. ಆಮೇಲೆ ಹಗ್ಗದ ಮೇಲ್ಗಡೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿ, ಹಗ್ಗ ಕತ್ತರಿಸಿ, ಗಾಳಿಯನ್ನು ಇಷ್ಟಿಷ್ಟೇ ಬಿಟ್ಟರು. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬ್ ವಾಲಿಸಿದರು. ಈ ಸಲ ರಕ್ತ ಹೆಪ್ಪುಗಟ್ಟಿತ್ತು. ಮೂತ್ರದ ಬಣ್ಣದ ಮೇಲೆ ಇನ್ನೂ ಕಣ್ಣಿಟ್ಟಿದ್ದಾರೆ, ಮಂಡಲ ಕಿಡ್ನಿಯನ್ನು ಸುಲಭಕ್ಕೆ ಬಿಡುವುದಿಲ್ಲ.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಒಳ್ಳೆಯದೇ ಆಯಿತು. ಆ ವರದಿಯಲ್ಲಿ ಕಟ್ಟಿದ ಹೊತ್ತನ್ನೂ ಬರೆದರೆ ನನಗೆ ಇನ್ನಷ್ಟು ಸಮಾಧಾನ.

ವಾರ್ಡಿನ ಹೊರಗೆ ಮೈದುನ ಕೇಳಿದ: "ಹಂಗಾರೆ ನಾನೇನು ಕಟ್ಟಬೇಕಿತ್ತು?"

"ಮುರಿದ ಕಾಲಿಗೆ ಕಟ್ತಾರಲ್ಲ, ಹಂಗೆ. ಆ ಕಡೆ ಈ ಕಡೆ ಎರಡು ಕೋಲು, ಮೇಲೆ ಒಂದು ಪಂಚೆ ಸಡಿಲವಾಗಿ. ನಿಮ್ಮ ಬೆರಳು ಒಳಗೆ ಹೋಗಬೇಕು."

ಅವನು ತನ್ನ ಟವೆಲನ್ನೇ ಮುಂಗೈಗೆ ಸುತ್ತಿ, ಬೆರಳು ತೂರಿಸಿ ನೋಡಿದ.