ಬಿಳಿ ರಕ್ತಕಣಕ್ಕೆ ನುಂಗು ಅಂತ ಹೇಳುವವರು ಯಾರು?

ಜೀವಶಾಸ್ತ್ರದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: "ಬಿಳಿ ರಕ್ತಕಣ ಕ್ರಿಮಿಯನ್ನು ನುಂಗುತ್ತದೆ ಅಂತೀರಿ. ಅದಕ್ಕೆ ಬಾಯೂ ಇಲ್ಲ, ಮಿದುಳೂ ಇಲ್ಲ. ನುಂಗು ಅಂತ ಅದಕ್ಕೆ ಯಾರು ಹೇಳ್ತಾರೆ?"

ಅದರ ಪೊರೆಯಲ್ಲಿರುವ ಕೊಬ್ಬು ಹೇಳುತ್ತದೆ ಅನ್ನುವುದು ನನ್ನ ಉತ್ತರ. ಪೊರೆ ಅಂದರೆ ಸುಮ್ನೆ ಹೊದಿಕೆ ಅಂದುಕೊಂಡವರಿಗೆ ಇದು ವಿಚಿತ್ರ ಅನ್ನಿಸುತ್ತದೆ.

ಪೊರೆಯ ಒಳಮೈಯಲ್ಲಿ ಪಿಐಪಿ2 ಅನ್ನುವ ಲಿಪಿಡ್, ಅಂದರೆ ಕೊಬ್ಬಿನ ಜಾತಿಯ ಅಣು, ಇದೆ. ಇರುವುದು ತೀರಾ ಸ್ವಲ್ಪ, ಕೆಲಸ ಮಾತ್ರ ಜಾಸ್ತಿ. ಪ್ರತಿಕಾಯ ಮೆತ್ತಿಕೊಂಡ ಬ್ಯಾಕ್ಟೀರಿಯಾ ಮ್ಯಾಕ್ರೋಫೇಜ್ ಎಂಬ ಬಿಳಿ ರಕ್ತಕಣಕ್ಕೆ ತಗುಲಿದ ಜಾಗದಲ್ಲಿ ಮೊದಲು ಈ ಲಿಪಿಡ್ ಹೆಚ್ಚುತ್ತದೆ. ಅದರ ನೆರವಿನಿಂದ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೆಳೆದು ಪೊರೆಯನ್ನು ಒಳಗಿನಿಂದ ದಬ್ಬುತ್ತವೆ. ಪೊರೆ ಬಟ್ಟಲಿನ ಹಾಗೆ ಎದ್ದು ಬ್ಯಾಕ್ಟೀರಿಯಾವನ್ನು ಸುತ್ತಿಕೊಳ್ಳುತ್ತದೆ.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಬ್ಯಾಕ್ಟೀರಿಯಾ ಒಳಗಿಳಿಯಬೇಕಾದರೆ ಬಟ್ಟಲಿನ ತಳದ ಆಕ್ಟಿನ್ ಕರಗಬೇಕು, ಇಲ್ಲದಿದ್ದರೆ ಅದೇ ಅಡ್ಡಿ. ಅಂದರೆ ಈಗಷ್ಟೇ ಬೇಕಾಗಿದ್ದ ಪಿಐಪಿ2 ಈಗ ಅಲ್ಲಿಂದ ಹೋಗಬೇಕು! ಫಾಸ್ಫೊಲೈಪೇಸ್ ಸಿ ಅನ್ನುವ ಕಿಣ್ವ ಅದನ್ನು ಕತ್ತರಿಸುತ್ತದೆ. ಪಿಐ3 ಕೈನೇಸ್ ಇನ್ನೊಂದು ಫಾಸ್ಫೇಟ್ ಸೇರಿಸಿ ಅದನ್ನು ಪಿಐಪಿ3 ಮಾಡುತ್ತದೆ. ವರ್ಟ್‌ಮ್ಯಾನಿನ್ ಎಂಬ ರಾಸಾಯನಿಕ ಹಾಕಿ ಈ ಕೈನೇಸನ್ನು ತಡೆದರೆ ಬಟ್ಟಲೇನೋ ಏಳುತ್ತದೆ, ಆದರೆ ನುಂಗಬೇಕಾದದ್ದು ದೊಡ್ಡದಾಗಿದ್ದರೆ ಮುಚ್ಚುವುದೇ ಇಲ್ಲ. ಲಿಪಿಡ್ ಇದ್ದರಷ್ಟೇ ಸಾಲದು, ಸರಿಯಾದ ಹೊತ್ತಿಗೆ ಇಲ್ಲವಾಗಲೂ ಬೇಕು.

ನುಂಗಿದ ಮೇಲೆ ಜೀರ್ಣವಾಗಬೇಕಲ್ವಾ? ಬ್ಯಾಕ್ಟೀರಿಯಾ ಸಿಕ್ಕಿಬಿದ್ದ ಚೀಲದ ಪೊರೆಯ ಮೇಲೆ ವಿಪಿಎಸ್34 ಎಂಬ ಕಿಣ್ವ ಪಿಐ3ಪಿ ಅನ್ನುವ ಬೇರೊಂದು ಲಿಪಿಡ್ ತಯಾರಿಸುತ್ತದೆ. ಅದನ್ನು ಹಿಡಿದು ಬರುವ ಪ್ರೋಟೀನುಗಳು ಚೀಲವನ್ನು ಲೈಸೋಸೋಮ್‌ ಜೊತೆ ಬೆರೆಯಲು ಅಣಿಮಾಡುತ್ತವೆ. ಆಮ್ಲವೂ ಜೀರ್ಣಕಾರಿ ಕಿಣ್ವಗಳೂ ಇರುವುದು ಆ ಲೈಸೋಸೋಮ್‌ನಲ್ಲೇ.

ಕ್ಷಯದ ಬ್ಯಾಕ್ಟೀರಿಯಾ ಕೈಹಾಕುವುದು ಸರಿಯಾಗಿ ಇಲ್ಲಿಗೇ. ಅದು ಸ್ಯಾಪ್‌ಎಂ ಎಂಬ ಕಿಣ್ವ ಹೊರಬಿಟ್ಟು ಪಿಐ3ಪಿಯ ಫಾಸ್ಫೇಟ್ ಕಿತ್ತುಹಾಕುತ್ತದೆ. ಚೀಲ ಲೈಸೋಸೋಮ್ ಜೊತೆ ಬೆರೆಯುವುದಿಲ್ಲ. ತನ್ನನ್ನು ಕೊಲ್ಲಬೇಕಾದ ಜೀವಕೋಶದೊಳಗೇ ಬ್ಯಾಕ್ಟೀರಿಯಾ ಬದುಕಿಕೊಳ್ಳುತ್ತದೆ. ಅದರ ಬಳಿ ಬೇರೆ ಉಪಾಯಗಳೂ ಇವೆ, ಆದರೆ ಇದು ಸಣ್ಣದಲ್ಲ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇರುವಾಗ ಈ ಒಂದು ಫಾಸ್ಫೇಟ್ ನಮಗೆ ದೂರದ ವಿಷಯವೇ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸ್ಯಾಪ್‌ಎಂ ಇಲ್ಲದ ಕ್ಷಯದ ಬ್ಯಾಕ್ಟೀರಿಯಾವನ್ನು ಗಿನಿ ಪಿಗ್‌ಗಳಲ್ಲಿ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಪ್ರಾಣಿಗಳಲ್ಲಿ ಅದಕ್ಕೆ ಸರಿಯಾಗಿ ಬೆಳೆಯಲು ಆಗಲಿಲ್ಲ.